ಶತ್ರುಗಳಿಗೂ ಗೊತ್ತಿದ್ದ ಹೊತ್ತು

ಬೈಬಲಿನ ದಾನಿಯೇಲನನ್ನು ಸಿಕ್ಕಿಸಲು ಹೊರಟವರು ಹೆಚ್ಚು ಹುಡುಕಾಡಬೇಕಾಗಲಿಲ್ಲ. 30 ದಿನ ಅರಸನನ್ನು ಬಿಟ್ಟು ಇನ್ನಾರಲ್ಲೂ ಬೇಡಿಕೊಳ್ಳಬಾರದೆಂದು ಶಾಸನ ಮಾಡಿಸಿದರು, ನೇರ ಅವನ ಮನೆಗೆ ಹೋದರು. ಯೆರೂಸಲೇಮಿನ ಕಡೆಗೆ ತೆರೆದ ಕಿಟಕಿ, ದಿನಕ್ಕೆ ಮೂರು ಸಲ ಮೊಣಕಾಲೂರುವ ಮುದುಕ. ಶಾಸನಕ್ಕೆ ರುಜು ಬಿದ್ದದ್ದು ಗೊತ್ತಾದ ಮೇಲೂ ಅವನು ಹೊತ್ತನ್ನೂ ಬದಲಿಸಲಿಲ್ಲ, ಕಿಟಕಿಯನ್ನೂ ಮುಚ್ಚಲಿಲ್ಲ. ನಮಗೆಲ್ಲ ಅದಕ್ಕಾಗಿ ಅವನನ್ನು ಎಸೆದ ಸಿಂಹದ ಗವಿಯೇ ನೆನಪಿರುತ್ತದೆ. ನನಗಂತೂ ಆ ಕಿಟಕಿಯೇ ದೊಡ್ಡದು.

ಯೇಸುಸ್ವಾಮಿಯ ವಿಷಯದಲ್ಲೂ ಹೀಗೇ ಆಯಿತು. ಅವರು ಸೆರೆಸಿಕ್ಕ ಆ ರಾತ್ರಿ ವಾಡಿಕೆಯಂತೆ ಎಣ್ಣೇಮರಗಳ ಗುಡ್ಡಕ್ಕೆ ಹೋದರು ಎನ್ನುತ್ತಾನೆ ಲೂಕ. ಯೇಸು ಶಿಷ್ಯರೊಂದಿಗೆ ಅಲ್ಲಿಗೆ ಆಗಾಗ ಬರುತ್ತಿದ್ದುದರಿಂದ ಅವರನ್ನು ಹಿಡಿದುಕೊಟ್ಟ ಶಿಷ್ಯ ಯೂದನಿಗೂ ಆ ಜಾಗ ಗೊತ್ತಿತ್ತು ಎನ್ನುತ್ತಾನೆ ಯೋಹಾನ. ಹಿಡಿದುಕೊಡುವವನೂ ನೆಚ್ಚಿಕೊಳ್ಳುವಷ್ಟು ಖಚಿತವಾದ ರೂಢಿ!

‘ಮನಸ್ಸು ತುಂಬಿ ಬಂದಾಗ ಪ್ರಾರ್ಥಿಸಿದರೆ ಸಾಕು, ಹೊತ್ತಿಗೆ ಸರಿಯಾಗಿ ಮಾಡುವುದು ಬರೀ ಆಚಾರ’ ಎನ್ನುವವರು ನಮ್ಮ ಸಭೆಯಲ್ಲೂ ಇದ್ದಾರೆ. ಅವರ ಭಯ ಸುಳ್ಳಲ್ಲ. ಬೀದಿಯ ಮೂಲೆಗಳಲ್ಲಿ ನಿಂತು ಜನರಿಗೆ ಕಾಣುವಂತೆ ಪ್ರಾರ್ಥಿಸುವವರನ್ನು ಕರ್ತನಾದ ಯೇಸುವೇ ಗದರಿದ್ದಾನೆ. ಆದರೆ ಅದಕ್ಕೆ ಅವನು ಕೊಟ್ಟ ಮದ್ದು ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೋ ಎಂಬುದು, ಪ್ರಾರ್ಥನೆಯನ್ನೇ ಬಿಡು ಎಂಬುದಲ್ಲ.

ನಾನು ಆಸ್ಪತ್ರೆಯಲ್ಲಿ ನರ್ಸ್. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಪ್ರಾರ್ಥಿಸಿ ಎಂದು ಪ್ರಸಂಗದಲ್ಲಿ ಕೇಳಿದಾಗಲೆಲ್ಲ ನಗು ಬರುತ್ತದೆ. ನೈಟ್ ಡ್ಯೂಟಿಯಿದ್ದರೆ ಆ ಹೊತ್ತಿಗೆ ನಾನು ಡ್ರಿಪ್ ಬದಲಿಸುತ್ತಿರುತ್ತೇನೆ. ಹಾಗಾಗಿ ಗಡಿಯಾರ ಬಿಟ್ಟು ಡ್ಯೂಟಿಯನ್ನೇ ಹಿಡಿದುಕೊಂಡೆ. ಯಾವ ಶಿಫ್ಟ್ ಆದರೂ ಸರಿ, ಯೂನಿಫಾರ್ಮ್ ಹಾಕಿಕೊಳ್ಳುವ ಮೊದಲು ಬಟ್ಟೆ ಬದಲಿಸುವ ಕೋಣೆಯ ಬೆಂಚಿನ ಮೇಲೆ ಕೂತು ಬೈಬಲಿನ 150 ಕೀರ್ತನೆಗಳಲ್ಲಿ ಒಂದನ್ನು ಓದುತ್ತೇನೆ, ಯೇಸು ಕಲಿಸಿದ ಕರ್ತನ ಪ್ರಾರ್ಥನೆ ಹೇಳುತ್ತೇನೆ. ಮೊಬೈಲ್ ಲಾಕರ್ ಒಳಗೆ. ಕೈಯಲ್ಲಿ ಬೆನ್ನು ಬಿಟ್ಟುಕೊಂಡ, ಟೇಪ್ ಅಂಟಿಸಿದ ಪುಟ್ಟ ಪುಸ್ತಕ, ಟೇಪ್ ವಾರ್ಡಿನದೇ. ‘ಸಿಸ್ಟರ್ ಈಗ ಮಾತಾಡಲ್ಲ’ ಅಂತ ಜೊತೆಯವರು ಹೊಸಬರಿಗೆ ಹೇಳಿಕೊಡುತ್ತಾರೆ.

ಕೀರ್ತನೆಗಳನ್ನು ಆರಿಸುವುದಿಲ್ಲ, ಸಾಲಾಗಿ ಓದುತ್ತೇನೆ. ಆರಿಸಿಕೊಳ್ಳಲು ಬಿಟ್ಟರೆ ಧೈರ್ಯ ಹೇಳುವ 23, 91, 121ರಲ್ಲೇ ಸುತ್ತುತ್ತೇನೆ. 88ನ್ನು ಯಾರು ತಾನಾಗಿ ಆರಿಸಿಕೊಂಡಾರು? ಗೋಳಿನಲ್ಲಿ ಶುರುವಾಗಿ ಕತ್ತಲಲ್ಲೇ ಮುಗಿಯುತ್ತದೆ, ಕೊನೆಯಲ್ಲಿ ಸಮಾಧಾನದ ಒಂದು ಮಾತೂ ಇಲ್ಲ. ಒಂದು ಸಲ, ವಾರಗಟ್ಟಲೆ ನೋಡಿಕೊಂಡಿದ್ದ ರೋಗಿ ತೀರಿಹೋದ ಮರುದಿನ ಅದರ ಸರದಿ ಬಂತು. ಆವತ್ತು ಸ್ವಂತ ಮಾತಿನಲ್ಲಿ ಪ್ರಾರ್ಥಿಸು ಎಂದಿದ್ದರೆ ನನ್ನ ಬಾಯಿಂದ ಏನೂ ಹೊರಡುತ್ತಿರಲಿಲ್ಲ. ದೇವರ ಮುಂದೆ ಹಾಗೂ ಮಾತಾಡಬಹುದು ಎಂದು ಆ ಕೀರ್ತನೆಯೇ ಬಾಯಿಗೆ ಮಾತು ಕೊಟ್ಟಿತು. ಶಿಲುಬೆಯ ಮೇಲೆ ಯೇಸುವಿನ ಬಾಯಲ್ಲಿ ಬಂದದ್ದೂ 22ನೆಯ ಕೀರ್ತನೆಯ ಮೊದಲ ಮಾತು, ಪ್ರಾಣ ಬಿಡುವಾಗ 31ರದು. ಉಸಿರು ಸಿಗದ ಆ ಗಳಿಗೆಯಲ್ಲಿ ನಾಲಿಗೆಗೆ ಬರಬೇಕಾದರೆ ಮೊದಲು ಅದೆಷ್ಟು ಸಲ ಹೇಳಿದ್ದಿರಬೇಕು.

ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟ್ ತನ್ನ ಮಠದವರಿಗೆ ವಾರಕ್ಕೆ 150 ಕೀರ್ತನೆಗಳನ್ನೂ ಮುಗಿಸಬೇಕೆಂದು ನಿಯಮ ಬರೆದ. ಹಿಂದಿನವರು ಒಂದೇ ದಿನದಲ್ಲಿ ಮುಗಿಸುತ್ತಿದ್ದರು ಎಂದು ಚುಚ್ಚುವುದನ್ನೂ ಮರೆಯಲಿಲ್ಲ. ನನ್ನ ಲೆಕ್ಕದಲ್ಲಿ ತಿಂಗಳುಗಳೇ ಬೇಕು. ಹಾಗೆಂದು ಆ ಮಹಾತ್ಮನಿಗೆ ಹೆದರಬೇಕಿಲ್ಲ. ಈ ಹಂಚಿಕೆ ಹಿಡಿಸದಿದ್ದರೆ ಬೇರೆ ಮಾಡಿಕೊಳ್ಳಿ ಎಂದೂ ಅವನೇ ಬರೆದಿದ್ದಾನೆ.

ವರ್ಷಕ್ಕೊಮ್ಮೆ ಇಡೀ ಬೈಬಲ್ ಓದುವ ಪಟ್ಟಿಗಳ ಬಗ್ಗೆ ಒಂದು ಮಾತು. 1189 ಅಧ್ಯಾಯಕ್ಕೆ ದಿನಕ್ಕೆ ಮೂರ್ನಾಲ್ಕು ಬೀಳುತ್ತವೆ. ಹೆಚ್ಚಿನವರ ಗಾಡಿ ಮೂರನೆಯ ಪುಸ್ತಕವಾದ, ಬಲಿ-ವಿಧಿಗಳೇ ತುಂಬಿದ ಯಾಜಕಕಾಂಡದಲ್ಲಿ ನಿಲ್ಲುತ್ತದೆ. ಆದರೆ ನಿಲ್ಲಿಸುವುದು ಯಾಜಕಕಾಂಡವಲ್ಲ, ಬಾಕಿ. ನಾಲ್ಕು ದಿನ ತಪ್ಪಿದರೆ ಹನ್ನೆರಡು ಅಧ್ಯಾಯ ತಲೆಯ ಮೇಲೆ ಕೂರುತ್ತವೆ, ಐದನೆಯ ದಿನ ಪುಸ್ತಕ ತೆರೆಯಲೇ ಮನಸ್ಸಾಗುವುದಿಲ್ಲ. ನಾನು ಬಾಕಿ ಇಟ್ಟುಕೊಳ್ಳುವುದಿಲ್ಲ. ನಿನ್ನೆ ಎಮರ್ಜೆನ್ಸಿಯಿಂದ 40ನೆಯ ಕೀರ್ತನೆ ತಪ್ಪಿದ್ದರೆ ಇವತ್ತು 40, ನಾಳೆ 41. ರಜೆಯ ದಿನ ಎರಡು ಸೇರಿಸಿ ಓದುವುದೂ ಇಲ್ಲ.