ಅರ್ಧ ಅಂಕ ಕಳೆದ ಕೆಂಪು ಗೆರೆ

ಪ್ರಿಪರೇಟರಿ ಪರೀಕ್ಷೆಯ ಇಂಗ್ಲಿಷ್ ಪತ್ರಿಕೆ ತಿದ್ದಿ ಕೊಟ್ಟ ದಿನ ಮಧ್ಯಾಹ್ನ. ಬಿಸಿಯೂಟ ಮುಗಿದು ಐದು ನಿಮಿಷ ಆಗಿರಬಹುದು. ಹತ್ತನೇ ತರಗತಿಯ ಹುಡುಗಿಯೊಬ್ಬಳು ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತಳು. ಒಂದು ಕೈಯಲ್ಲಿ ಉತ್ತರ ಪತ್ರಿಕೆ. ಇನ್ನೊಂದರಲ್ಲಿ ಗೆಳತಿಯ ನೋಟ್ ಬುಕ್.

"ಮಿಸ್, ಒಂದು ಡೌಟು."

ನಾನು ಮಂಡ್ಯದ ಹತ್ತಿರದ ಪ್ರೌಢಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಆ ವಾರ ಎರಡು ಸೆಕ್ಷನ್ ಪತ್ರಿಕೆ ತಿದ್ದಿದ್ದೆ. ಅಂಕ ಎಂಟ್ರಿ ಮುಗಿಸಿದ್ದೆ. ಸಿಆರ್‌ಪಿ (ಇಲಾಖೆಯ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಕೇಳಿದ ಪಟ್ಟಿಯನ್ನು ಮೂರು ಬೇರೆ ಬೇರೆ ನಮೂನೆಯಲ್ಲಿ ಕಳಿಸಿದ್ದೆ. ಒಂದೇ ಮಾಹಿತಿಯನ್ನು ಮೂರು ಸಲ ಯಾಕೆ ಕೇಳುತ್ತಾರೋ, ಆ ಹೊತ್ತಿನಲ್ಲಿ ಎರಡು ಪಾಠ ಮಾಡಬಹುದಿತ್ತು. ಅವತ್ತು ನನಗೆ ಸಾಕಾಗಿಹೋಗಿತ್ತು ಅನ್ನುವುದು ನಿಜ. ಆದರೆ ಮುಂದೆ ನಡೆದದ್ದಕ್ಕೆ ಅದು ಕಾರಣ ಅಲ್ಲ.

ಅವಳು ಪ್ರಬಂಧದಲ್ಲಿ ಬೃಂದಾವನ ಗಾರ್ಡನ್ ಬಗ್ಗೆ ಬರೆದಿದ್ದಳು. ಹಗಲಿಗಿಂತ ರಾತ್ರಿ ಅದು 'ಮಚ್ ಮೋರ್ ಬ್ಯೂಟಿಫುಲ್' ಎಂದು. ನಾನು ಆ 'ಮಚ್' ಮೇಲೆ ಕೆಂಪು ಗೆರೆ ಎಳೆದು, ಪಕ್ಕದಲ್ಲಿ 'ಡಬಲ್' ಎಂದು ಬರೆದು, ಅರ್ಧ ಅಂಕ ಕಳೆದಿದ್ದೆ.

ಅವಳು ಗೆಳತಿಯ ನೋಟ್ ಬುಕ್ ತೆರೆದು ನನ್ನ ಮುಂದಿಟ್ಟಳು. ಹೋಂವರ್ಕ್ ಕೆಳಗೆ ನನ್ನದೇ ಅಕ್ಷರ, ನನ್ನದೇ ಸಹಿ. 'ಮಚ್ ಬೆಟರ್ ದ್ಯಾನ್ ಲಾಸ್ಟ್ ಟೈಮ್.'

"ಮಚ್ ಬೆಟರ್ ಅಂತ ನೀವೇ ಬರೆದಿದ್ದೀರಲ್ಲ ಮಿಸ್. ಮಚ್ ಮೋರ್ ಬ್ಯೂಟಿಫುಲ್ ಯಾಕೆ ತಪ್ಪು?"

ಗಣಿತದ ಸರ್ ಪೇಪರಿನಿಂದ ತಲೆ ಎತ್ತಿದರು. ವಿಜ್ಞಾನದ ಮೇಡಂ ಟಿಫಿನ್ ಡಬ್ಬಿ ಮುಚ್ಚುವುದನ್ನು ನಿಲ್ಲಿಸಿದರು. ನನಗೆ ಉತ್ತರ ಗೊತ್ತಿರಲಿಲ್ಲ. 'ತಾಳಮ್ಮಾ, ನೋಡಿ ಹೇಳ್ತೀನಿ' ಅಂದಿದ್ದರೆ ಮುಗಿಯುತ್ತಿತ್ತು. ಮೂರೇ ಮಾತು. ಅದು ಬಾಯಿಗೆ ಬರಲಿಲ್ಲ.

"ರಿಮಾರ್ಕ್ ಬೇರೆ, ಗ್ರಾಮರ್ ಬೇರೆ. ಅರ್ಧ ಅಂಕಕ್ಕೆ ಇಷ್ಟೆಲ್ಲಾ ಪುರಾವೆ ತರ್ತಾರಾ? ಹೋಗು, ಓದ್ಕೋ ಹೋಗು."

ಅವಳು ನೋಟ್ ಬುಕ್ ಮುಚ್ಚಿ, ಎರಡನ್ನೂ ಎದೆಗೆ ಒತ್ತಿಕೊಂಡು ಹೋದಳು. ಯಾರೂ ಏನೂ ಅನ್ನಲಿಲ್ಲ. ಆ ಮೌನ ಈಗಲೂ ನೆನಪಾಗುತ್ತದೆ.

ಸಂಜೆ ಟ್ರೈನಿನಲ್ಲಿ ಮೈಸೂರಿಗೆ ವಾಪಸ್ ಬರುವಾಗ ಅದೇ ವಾಕ್ಯ ತಲೆಯಲ್ಲಿ ಸುತ್ತುತ್ತಿತ್ತು. ಮನೆಗೆ ಬಂದವಳೇ ಡಿಕ್ಷನರಿ ತೆಗೆದೆ. 'ಮಚ್' ಪದದ ಕೆಳಗೇ ಇತ್ತು. ಬೆಟರ್, ಟಾಲರ್, ಮೋರ್ ಬ್ಯೂಟಿಫುಲ್ ಇಂಥ ಹೋಲಿಕೆಯ ರೂಪಗಳನ್ನು ಗಟ್ಟಿ ಮಾಡಲು ಅವುಗಳ ಮುಂದೆ ಬರುವ ಪದವೇ ಮಚ್. ಫಾರ್ (far) ಬರುತ್ತದೆ, ಎ ಲಾಟ್ ಬರುತ್ತದೆ. ವ್ಯತ್ಯಾಸ ಚಿಕ್ಕದಾದರೆ ಎ ಲಿಟಲ್, ಎ ಬಿಟ್, ಸ್ಲೈಟ್ಲಿ. ಹುಡುಗಿ ಬರೆದದ್ದು ಪೂರ್ತಿ ಸರಿ.

ನಾನು ಎಡವಿದ್ದು ಎಲ್ಲಿ ಅಂತಲೂ ಗೊತ್ತಾಯಿತು. ನಮ್ಮ ಮಕ್ಕಳು 'ಮೋರ್ ಬೆಟರ್', 'ಮೋರ್ ಟಾಲರ್' ಎಂದು ಬರೆಯುತ್ತಾರೆ. ನಾನೂರು ವರ್ಷದ ಹಿಂದಿನ ಇಂಗ್ಲಿಷ್ ನಾಟಕಗಳಲ್ಲಿ ಅದು ಇದೆ, ಆದರೆ ಈಗ ಬರೆದರೆ ತಪ್ಪು. ಅದನ್ನು ಬಿಡಿಸಲು ನಾನೊಂದು ಸುಲಭದ ಸೂತ್ರ ಮಾಡಿದ್ದೆ. 'ಒಂದು ಗುಣಪದಕ್ಕೆ ಒಂದೇ ಡಿಗ್ರಿ ಪದ.' ಡಿಗ್ರಿ ಪದ ಅಂದರೆ ಹೆಚ್ಚು ಕಡಿಮೆ ಹೇಳುವ ಮೋರ್, ಮಚ್ ಥರದ್ದು. ಪಾಸ್ ಪರ್ಸೆಂಟೇಜ್‌ಗೆ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಹೇಳಿ ಹೇಳಿ ಕೊನೆಗೆ ನಾನೇ ಅದನ್ನು ನಂಬಿಬಿಟ್ಟೆ. 'ಮೋರ್ ಬೆಟರ್'ನಲ್ಲಿ ಮೋರ್ ಮತ್ತು ಬೆಟರ್ ಎರಡೂ ಒಂದೇ ಕೆಲಸ ಮಾಡುತ್ತವೆ, ಅದಕ್ಕೇ ಒಂದು ಹೆಚ್ಚಾಯಿತು. 'ಮಚ್ ಮೋರ್ ಬ್ಯೂಟಿಫುಲ್'ನಲ್ಲಿ ಮೋರ್ ಹೋಲಿಸುತ್ತದೆ, ಮಚ್ ಎಷ್ಟು ಅಂತ ಹೇಳುತ್ತದೆ. ಕೆಲಸ ಬೇರೆ ಬೇರೆ.

ಮಾರನೇ ದಿನ ಬೆಳಿಗ್ಗೆ ಬೇಗ ಹೋಗಿ ಪತ್ರಿಕೆಗಳನ್ನೆಲ್ಲಾ ಮಕ್ಕಳಿಂದ ವಾಪಸ್ ತೆಗೆದುಕೊಂಡು ಮತ್ತೆ ನೋಡಿದೆ. ಇದಕ್ಕಿಂತ ಕೆಟ್ಟದ್ದು ಅಲ್ಲಿ ಕಾದಿತ್ತು. ನಾಲ್ಕು ಮಕ್ಕಳು 'ವೆರಿ ಬೆಟರ್', 'ವೆರಿ ಬಿಗರ್' ಎಂದು ಬರೆದಿದ್ದರು. ಅದು ತಪ್ಪು. ನನ್ನ ಸೂತ್ರದಲ್ಲಿ 'ವೆರಿ' ಡಿಗ್ರಿ ಪದವೇ ಅಲ್ಲ, ಹಾಗಾಗಿ ನಾಲ್ಕಕ್ಕೂ ಟಿಕ್ ಹಾಕಿದ್ದೆ.

ಈ 'ವೆರಿ ಬೆಟರ್' ಎಲ್ಲಿಂದ ಬರುತ್ತದೆ ಅಂತ ಆಮೇಲೆ ತುಂಬಾ ಯೋಚಿಸಿದೆ. ಕನ್ನಡದಲ್ಲಿ 'ಅವನು ತುಂಬಾ ಎತ್ತರ' ಅನ್ನುತ್ತೇವೆ. 'ಅವನು ನನಗಿಂತ ತುಂಬಾ ಎತ್ತರ' ಅಂತಲೂ ಅನ್ನುತ್ತೇವೆ. ಹೋಲಿಕೆಯ ಭಾರವನ್ನೆಲ್ಲ 'ಗಿಂತ' ಹೊತ್ತುಕೊಳ್ಳುತ್ತದೆ. ಎತ್ತರ ಎತ್ತರವಾಗಿಯೇ ಉಳಿಯುತ್ತದೆ, ತುಂಬಾ ಎರಡೂ ಕಡೆ ಹೊಂದುತ್ತದೆ. ಇಂಗ್ಲಿಷಿನಲ್ಲಿ ಗುಣಪದವೇ ಬದಲಾಗುತ್ತದೆ. ಟಾಲ್ ಇದ್ದದ್ದು ಟಾಲರ್ ಆದ ಕೂಡಲೇ ವೆರಿ ಜಾಗ ಬಿಟ್ಟು ಮಚ್‌ಗೆ ಕೊಡಬೇಕು. ವೆರಿ ಗುಡ್ ಸರಿ. ದಿ ವೆರಿ ಬೆಸ್ಟ್ ಕೂಡ ಸರಿ. ಬೆಟರ್ ಮುಂದೆ ಮಾತ್ರ ವೆರಿ ಒಂದೇ ನಿಲ್ಲುವುದಿಲ್ಲ. ಮಚ್ ಬೆಟರ್ ಅಥವಾ ವೆರಿ ಮಚ್ ಬೆಟರ್ ಅನ್ನಬೇಕು. ಅಂದರೆ ಆ ಮಕ್ಕಳು ಸೋಮಾರಿಗಳಲ್ಲ. ಕನ್ನಡದಲ್ಲಿ ಸರಿಯಾಗಿ ಯೋಚಿಸಿದ್ದರು. ವ್ಯತ್ಯಾಸ ತೋರಿಸಬೇಕಾದವಳು ನಾನು.

ಎರಡನೇ ಪೀರಿಯಡ್‌ನಲ್ಲಿ ಪೋರ್ಷನ್ ಪಕ್ಕಕ್ಕಿಟ್ಟು ಇದನ್ನೇ ಮಾಡಿದೆ. ಬೋರ್ಡಿನಲ್ಲಿ ನಮ್ಮ ಊರುಗಳನ್ನು ಬರೆದೆ. ಮಂಡ್ಯದಿಂದ ಮದ್ದೂರು ಸುಮಾರು 20 ಕಿಲೋಮೀಟರ್, ಮೈಸೂರು 45, ಬೆಂಗಳೂರು 100. ಶ್ರೀರಂಗಪಟ್ಟಣಕ್ಕಿಂತ ಮದ್ದೂರು 'ಎ ಲಿಟಲ್ ನಿಯರರ್'. ಮೈಸೂರಿಗಿಂತ ಬೆಂಗಳೂರು 'ಮಚ್ ಫಾರ್ದರ್'. ಕೆಆರ್‌ಎಸ್ ಅಣೆಕಟ್ಟು ಹಿಡಿಯುವ ನೀರು 49 ಟಿಎಂಸಿ, ಕಬಿನಿ 19. ಹಾಗಾದರೆ ಕೆಆರ್‌ಎಸ್‌ನಲ್ಲಿ 'ಮಚ್ ಮೋರ್ ವಾಟರ್'. ಎ ಸೆಕ್ಷನ್‌ನಲ್ಲಿ ಜಾಸ್ತಿ ಮಕ್ಕಳಿದ್ದರೆ? ಎಣಿಸಬಹುದಲ್ವಾ, ಅದಕ್ಕೆ 'ಮೆನಿ ಮೋರ್ ಸ್ಟೂಡೆಂಟ್ಸ್'. ಕನ್ನಡದಲ್ಲಿ ನೀರಿಗೂ ಜಾಸ್ತಿ, ಮಕ್ಕಳಿಗೂ ಜಾಸ್ತಿ.

'ಈವನ್' ಬಗ್ಗೆ ಒಬ್ಬ ಕೇಳಿದ. ಚಾಮುಂಡಿ ಬೆಟ್ಟ ಎತ್ತರ, ಗೋಪಾಲಸ್ವಾಮಿ ಬೆಟ್ಟ 'ಈವನ್ ಹೈಯರ್', ಮೊದಲಿನದೂ ಎತ್ತರ ಅಂತ ಒಪ್ಪಿಕೊಂಡ ಹಾಗೆ ಎಂದೆ. ಹಿಂದಿನ ಬೆಂಚಿನಿಂದ ಇನ್ನೊಬ್ಬ, "ಇರುವೆಗಿಂತ ಆನೆ ಈವನ್ ಬಿಗರ್ ಅನ್ನೋಕೆ ಬರಲ್ಲ ಅಲ್ವಾ ಮಿಸ್, ಇರುವೆ ದೊಡ್ಡದೇ ಅಲ್ವಲ್ಲ" ಅಂದ. ಇಷ್ಟು ಚೆನ್ನಾಗಿ ನಾನು ಯಾವತ್ತೂ ಹೇಳಿಕೊಟ್ಟಿರಲಿಲ್ಲ.

ಅದಾದ ಮೇಲೆ ಎಲ್ಲರ ಮುಂದೆ ಆ ಹುಡುಗಿಯ ಹೆಸರು ಹಿಡಿದು ಹೇಳಿದೆ. ನೀನು ಬರೆದದ್ದು ಸರಿ, ನಾನು ತಿದ್ದಿದ್ದು ತಪ್ಪು, ನಿನ್ನೆ ಬೈದದ್ದು ಇನ್ನೂ ದೊಡ್ಡ ತಪ್ಪು. ಅವಳು ತಲೆ ತಗ್ಗಿಸಿದಳು. ಕಿವಿ ಕೆಂಪಾಗಿತ್ತು.

ಮಧ್ಯಾಹ್ನ ಎಚ್ಚೆಂ ಹತ್ತಿರ ಹೋದೆ. ಎಂಟ್ರಿ ಲಾಕ್ ಆಗಿದೆ, ಬಿಡಿ ಮೇಡಂ, ಅರ್ಧ ಅಂಕ ತಾನೇ ಅಂದರು. ನಿನ್ನೆ ನಾನು ಅಂದದ್ದೂ ಅದೇ. ಕೊನೆಗೆ ಪತ್ರ ಬರೆದುಕೊಟ್ಟು, ಎರಡು ಸಲ ಅಲೆದು, ವಾರ ಕಳೆದ ಮೇಲೆ ತಿದ್ದುಪಡಿ ಆಯಿತು.

ತಿದ್ದಿದ ಪತ್ರಿಕೆ ತೆಗೆದುಕೊಳ್ಳಲು ಬಂದ ಅವಳು ಬಾಗಿಲಲ್ಲಿ ಒಂದು ಗಳಿಗೆ ನಿಂತಳು. "ಮಿಸ್, ವೆರಿ ಬೆಟರ್ ಬರೆದವರದು ಕಟ್ ಮಾಡ್ತೀರಾ?"

ಇಲ್ಲ ಅಂದೆ. ಅವರಿಗೆ ಅದನ್ನು ನಾನಿನ್ನೂ ಕಲಿಸಿಯೇ ಇರಲಿಲ್ಲ.