ಜಾವಾದ ಹಳ್ಳಿಯಲ್ಲಿ ನೆಲೆಸುವ ಆಸೆಯೇ? ಮೊದಲು ಮೂವತ್ತೈದು ದಿನ ಇದ್ದು ನೋಡಿ

ಬಾಲಿಗೆ ಹೋಗಿ ಬಂದ ಕೆಲವರು ಈಚೆಗೆ ನನ್ನನ್ನು ಕೇಳುವ ಪ್ರಶ್ನೆ ಒಂದೇ: ಪಕ್ಕದ ಜಾವಾ ದ್ವೀಪದ ಹಳ್ಳಿಯೊಂದರಲ್ಲಿ ಸ್ವಲ್ಪ ಜಾಗ ಕೊಂಡು ಮನೆ ಕಟ್ಟಿದರೆ ಹೇಗೆ? ಮಧ್ಯ ಜಾವಾದ ಪ್ರಾಚೀನ ಬೌದ್ಧ ಸ್ಮಾರಕ ಬೊರೊಬುದುರ್ ಸುತ್ತಮುತ್ತಲ ಹಳ್ಳಿಗಳಲ್ಲಿ ಇದ್ದು, ಓಡಾಡಿ, ಅಲ್ಲಿನ ಜಮೀನು ವ್ಯವಹಾರಗಳನ್ನು ಹತ್ತಿರದಿಂದ ನೋಡಿದ ಮೇಲೆ ನನ್ನ ಉತ್ತರ ಗಟ್ಟಿಯಾಗಿದೆ. ಹೋಗಿ, ಇರಿ, ಬಾಡಿಗೆಗೆ ಹಿಡಿಯಿರಿ. ಕೊಳ್ಳುವ ಮಾತು ಬೇಡ.

ಮೂವತ್ತೈದು ದಿನ ಎನ್ನುವುದಕ್ಕೆ ಕಾರಣವಿದೆ. ಜಾವಾದವರಿಗೆ ಏಳು ದಿನದ ವಾರದ ಜೊತೆಗೆ ಐದು ದಿನದ ಇನ್ನೊಂದು ವಾರವಿದೆ: ಲೆಗಿ, ಪಾಹಿಂಗ್, ಪೊನ್, ವಾಗೆ, ಕ್ಲಿವೊನ್. ಹಳ್ಳಿಯ ಎಷ್ಟೋ ಸಂತೆಗಳು ನಡೆಯುವುದು ಈ ಐದರ ಲೆಕ್ಕದಲ್ಲಿ. ಎರಡು ವಾರಗಳೂ ಒಂದು ಸುತ್ತು ಕೂಡಿ ಬರಲು ಮೂವತ್ತೈದು ದಿನ ಬೇಕು. ಅದನ್ನು ಸೆಲಾಪನ್ ಎನ್ನುತ್ತಾರೆ. ಓಣಿಯ ಸಭೆ, ಮಹಿಳೆಯರ ಚೀಟಿ, ಮಗುವಿಗೆ ಮೂವತ್ತೈದು ದಿನ ತುಂಬಿದಾಗಿನ ಶಾಸ್ತ್ರ, ಎಲ್ಲಕ್ಕೂ ಇದೇ ಅಳತೆ. ಒಂದು ಸುತ್ತು ಪೂರ್ತಿ ಇದ್ದರೆ ಸಂತೆ, ಸಭೆ, ಶ್ರಮದಾನ, ಬಹುಶಃ ಒಂದು ಮದುವೆ ಮತ್ತು ಒಂದು ಸಾವು, ಎಲ್ಲವನ್ನೂ ನೋಡಿರುತ್ತೀರಿ. ಮೂರು ದಿನ ಇದ್ದು ಸೂರ್ಯೋದಯ ನೋಡಿ ಬಂದವರಿಗೆ ಹಳ್ಳಿ ಕಂಡಿರುವುದಿಲ್ಲ.

ಆದರೆ ಇಂಡೊನೇಷ್ಯದಲ್ಲಿ ಭಾರತೀಯರಿಗೆ ಇಳಿದ ಕೂಡಲೇ ಸಿಗುವ ವೀಸಾ ಮೂವತ್ತು ದಿನದ್ದು. ಶುಲ್ಕ 5 ಲಕ್ಷ ರುಪಿಯಾ, ಅಂದರೆ ನಮ್ಮ ಎರಡೂವರೆ ಸಾವಿರ ರೂಪಾಯಿಯ ಆಸುಪಾಸು. ಒಂದು ಸಲ ಇನ್ನೂ ಮೂವತ್ತು ದಿನಕ್ಕೆ ವಿಸ್ತರಿಸಬಹುದು. ಅವಧಿ ಮುಗಿಯಲು ಹತ್ತು ದಿನ ಇರುವಾಗಲೇ ವಿಸ್ತರಣೆಗೆ ಅರ್ಜಿ ಹಾಕಿ. ಮೀರಿದರೆ ದಂಡ ದಿನಕ್ಕೆ 10 ಲಕ್ಷ ರುಪಿಯಾ. ಈ ವೀಸಾದ ಮೇಲೆ ಕೆಲಸ ಮಾಡುವಂತಿಲ್ಲ. ‘ಸುಮ್ಮನೆ ಹೋಂಸ್ಟೇ ನೋಡಿಕೊಳ್ಳುತ್ತಿದ್ದೇನೆ’ ಎಂದರೂ ಅದು ಕೆಲಸವೇ.

ಬೆಂಗಳೂರಿನಿಂದ ಕ್ವಾಲಾಲಂಪುರದ ಮೂಲಕ ಯೋಗ್ಯಕರ್ತಕ್ಕೆ ಬರುವುದು ಸುಲಭ. ಹೊಸ ವಿಮಾನ ನಿಲ್ದಾಣ ಊರಿನಿಂದ ನಲವತ್ತು ಕಿಲೋಮೀಟರಿಗೂ ದೂರ, ಕುಲೊನ್ ಪ್ರೊಗೊ ಜಿಲ್ಲೆಯಲ್ಲಿದೆ. ನಗರದ ತುಗು ನಿಲ್ದಾಣಕ್ಕೆ ರೈಲು ಸಿಗುತ್ತದೆ. ಬೊರೊಬುದುರ್ ಕಡೆಗೇ ಹೋಗುವವರು ನಗರಕ್ಕೆ ಹೋಗಬೇಕಾಗಿಲ್ಲ, ಕಾರಿನಲ್ಲಿ ಒಂದೂವರೆ ಗಂಟೆ. ಸಮಯವಿದ್ದರೆ ಜಕಾರ್ತದಲ್ಲಿ ಇಳಿದು ಗಂಬಿರ್ ನಿಲ್ದಾಣದಿಂದ ಹಗಲಿನ ರೈಲು ಹಿಡಿಯಿರಿ. ಆರೇಳು ಗಂಟೆ ಗದ್ದೆಗಳ ನಡುವೆಯೇ ಸಾಗುವ ದಾರಿ ಅದು.

ಉಳಿಯಲು ನಾನು ಹೇಳುವುದು ಚಂಡಿರೆಜೊ. ಬೊರೊಬುದುರ್‌ಗೆ ಸುಮಾರು ಮೂರು ಕಿಲೋಮೀಟರ್, ಮೆನೋರೆ ಬೆಟ್ಟಸಾಲಿನ ಬುಡದಲ್ಲಿದೆ. ಇಲ್ಲಿ ಪ್ರವಾಸೋದ್ಯಮ ಊರಿನವರದೇ ಸಹಕಾರ ಸಂಘದ ಕೈಯಲ್ಲಿದೆ. ಅತಿಥಿಗಳಿಗೆ ಮನೆ ಒದಗಿಸುವುದರಿಂದ ಹಿಡಿದು ಕುದುರೆಗಾಡಿಯ ಸುತ್ತಾಟದವರೆಗೆ ಅದರ ಮೂಲಕವೇ ನಡೆಯುತ್ತದೆ. ಅಂಗಳದಲ್ಲಿ ರಂಬುಟಾನ್ ಮರ, ಹೊಲದಲ್ಲಿ ಪಪ್ಪಾಯಿ, ಮೆಣಸಿನ ಮಿಶ್ರಬೆಳೆ, ಮರಗೆಣಸಿನಿಂದ ಮಾಡುವ ಸ್ಲೊಂದೊಕ್ ಎಂಬ ಕುರುಕಲು. ದಕ್ಷಿಣಕ್ಕೆ ಹೋಗುವುದಾದರೆ ಗುನುಂಗ್ ಕಿದುಲ್ ಜಿಲ್ಲೆಯ ನ್ಗ್ಲಂಗ್ಗೆರಾನ್ ಹಳ್ಳಿ ಕೂಡ ಒಳ್ಳೆಯ ಆಯ್ಕೆ. 2021ರಲ್ಲಿ ವಿಶ್ವಸಂಸ್ಥೆಯ ಪ್ರವಾಸೋದ್ಯಮ ಸಂಸ್ಥೆ ಅದನ್ನು ಅತ್ಯುತ್ತಮ ಪ್ರವಾಸಿ ಹಳ್ಳಿಗಳ ಪಟ್ಟಿಗೆ ಸೇರಿಸಿತು.

ಬಂದ ದಿನವೇ ಓಣಿಯ ಮುಖ್ಯಸ್ಥರಾದ ‘ಪಾಕ್ ಆರ್‌ಟಿ’ ಅವರ ಮನೆಗೆ ಹೋಗಿ ಪಾಸ್‌ಪೋರ್ಟಿನ ಪ್ರತಿ ಕೊಡಬೇಕು. ಅತಿಥಿಗಳು ಇಪ್ಪತ್ತನಾಲ್ಕು ಗಂಟೆಯೊಳಗೆ ವರದಿ ಮಾಡಿಕೊಳ್ಳಬೇಕೆಂಬ ಫಲಕ ಓಣಿಯ ಬಾಯಲ್ಲೇ ಇರುತ್ತದೆ. ಇದನ್ನು ಕಾಗದದ ಕೆಲಸವೆಂದು ನೋಡಬೇಡಿ. ಹಳ್ಳಿ ನಿಮ್ಮನ್ನು ಒಳಗೆ ಕರೆದುಕೊಳ್ಳುವುದು ಅಲ್ಲಿಂದಲೇ. ಹಿರಿಯರ ಮುಂದೆ ಹಾಯುವಾಗ ಸ್ವಲ್ಪ ಬಾಗಿ ‘ನುವುನ್ ಸೆವು’ (ಕ್ಷಮಿಸಿ) ಎನ್ನಿ. ಗಂಡಸರನ್ನು ಪಾಕ್, ಹೆಂಗಸರನ್ನು ಬು, ನಿಮ್ಮ ವಯಸ್ಸಿನವರನ್ನು ಗಂಡಸಾದರೆ ಮಾಸ್, ಹೆಂಗಸಾದರೆ ಮ್ಬಾಕ್ ಎಂದು ಕರೆಯಿರಿ. ಎಡಗೈಯಲ್ಲಿ ಏನನ್ನೂ ಕೊಡಬೇಡಿ. ಈ ಪಾಠ ನಮಗೆ ಮನೆಯಲ್ಲೇ ಆಗಿದೆ. ಶ್ರಮದಾನದ ದಿನ ಗುದ್ದಲಿ ಹಿಡಿದು ಹೋಗಿ. ಯಾರಾದರೂ ತೀರಿಕೊಂಡರೆ ಎಲ್ಲ ಬಿಟ್ಟು ಹೋಗಿ ಕುಳಿತುಕೊಳ್ಳಿ. ಮದುವೆಗೆ ಕರೆದರೆ ಲಕೋಟೆಯಲ್ಲಿ ಹಣ ಇಟ್ಟು ಕೊಡಬೇಕು. ಮದುವೆಗಳ ತಿಂಗಳಲ್ಲಿ ಈ ಲಕೋಟೆಗಳ ಭಾರ ಹಳ್ಳಿಯ ಬಡವರಿಗೆ ಎಷ್ಟೆಂದು ಅಲ್ಲಿದ್ದರೆ ಮಾತ್ರ ಅರ್ಥವಾಗುತ್ತದೆ.

ಸಸ್ಯಾಹಾರಿಗಳಿಗೆ ಜಾವಾ ಕಷ್ಟ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಸೋಯಾ ಕಾಳನ್ನು ಹುದುಗಿಸಿ ಮಾಡುವ ಟೆಂಪೆ ಹುಟ್ಟಿದ ನಾಡು ಇದು. ತೋಫು, ಶೇಂಗಾ ಗೊಜ್ಜಿನೊಂದಿಗೆ ಬೇಯಿಸಿದ ಸೊಪ್ಪಿನ ಪೆಚೆಲ್, ತೆಂಗಿನ ಹಾಲಿನ ತರಕಾರಿ ಲೊದೆ, ಬಿಸಿ ಅನ್ನ: ಹತ್ತು ಇಪ್ಪತ್ತು ಸಾವಿರ ರುಪಿಯಾದಲ್ಲಿ, ಅಂದರೆ ಐವತ್ತರಿಂದ ನೂರು ರೂಪಾಯಿಯ ಸುಮಾರಿಗೆ, ಹೊಟ್ಟೆ ತುಂಬುತ್ತದೆ. ಎಚ್ಚರ ಬೇಕಿರುವುದು ಕಣ್ಣಿಗೆ ಕಾಣದ ವಸ್ತುಗಳಲ್ಲಿ. ಸಂಬಾಲ್ ಎಂಬ ಮೆಣಸಿನ ಚಟ್ನಿಯಲ್ಲಿ ಟೆರಾಸಿ, ಅಂದರೆ ಹುದುಗಿಸಿದ ಸೀಗಡಿಯ ಮುದ್ದೆ, ಹೆಚ್ಚಾಗಿ ಇರುತ್ತದೆ. ಕೆಲವೊಮ್ಮೆ ಶೇಂಗಾ ಗೊಜ್ಜಿನಲ್ಲೂ ಇರುತ್ತದೆ. ಎಳೆ ಹಲಸಿನ ಗುದೆಗ್ ಯೋಗ್ಯಕರ್ತದ ಹೆಮ್ಮೆ, ಆದರೆ ಅದರ ಪಕ್ಕದಲ್ಲಿ ಬಡಿಸುವ ಕ್ರೆಚೆಕ್ ಜಾನುವಾರಿನ ಚರ್ಮದ್ದು. ‘ಮಾಂಸ ತಿನ್ನುವುದಿಲ್ಲ’ ಎಂದರೆ ಸಾಲದು, ಕೋಳಿ, ಮೀನು, ಟೆರಾಸಿ ಎಂದು ಒಂದೊಂದನ್ನೂ ಹೆಸರಿಸಿ ಹೇಳಿ. ಮನೆಯಾಕೆಗೆ ಮೊದಲ ದಿನವೇ ತಿಳಿಸಿದರೆ ನಿಮಗಾಗಿ ಬೇರೆ ಒರಳಲ್ಲಿ ಸಂಬಾಲ್ ಅರೆದುಕೊಡುವಷ್ಟು ಅಕ್ಕರೆ ಅಲ್ಲಿದೆ. ರಂಜಾನ್ ತಿಂಗಳಲ್ಲಿ ಹಗಲು ಹಳ್ಳಿಯ ಊಟದಂಗಡಿಗಳು ಬಹುಪಾಲು ಮುಚ್ಚಿರುತ್ತವೆ, ಅದಕ್ಕೆ ತಯಾರಿರಿ.

ಈಗ ಹಣದ ಮಾತು. ಇಂಡೊನೇಷ್ಯದ 1960ರ ಭೂ ಕಾನೂನಿನ ಪ್ರಕಾರ ‘ಹಾಕ್ ಮಿಲಿಕ್’, ಅಂದರೆ ಪೂರ್ಣ ಒಡೆತನ, ಅಲ್ಲಿನ ನಾಗರಿಕರಿಗೆ ಮಾತ್ರ. ವಿದೇಶಿಯರಿಗೆ ಇರುವುದು ಬಳಕೆಯ ಹಕ್ಕು ‘ಹಾಕ್ ಪಾಕೈ’ ಅಥವಾ ಗುತ್ತಿಗೆ. ಬಳಕೆಯ ಹಕ್ಕು ಮೊದಲು ಮೂವತ್ತು ವರ್ಷ, ಆಮೇಲೆ ಇಪ್ಪತ್ತು, ಮತ್ತೆ ಮೂವತ್ತು. ಅದಕ್ಕೂ ಪ್ರಾಂತ್ಯವಾರು ಕನಿಷ್ಠ ಬೆಲೆಯ ಮಿತಿ ಇರುವುದರಿಂದ ಹಳ್ಳಿಯ ಸಣ್ಣ ಮನೆಗಳು ಅದರೊಳಗೆ ಬರುವುದೇ ಕಷ್ಟ. ಬೊರೊಬುದುರ್ ಅನ್ನು ಸರ್ಕಾರ ತನ್ನ ಐದು ಪರಮ ಆದ್ಯತೆಯ ತಾಣಗಳಲ್ಲಿ ಸೇರಿಸಿದ ಮೇಲೆ ಮಾಕೆಲಾರ್ ಎಂಬ ದಲ್ಲಾಳಿಗಳು ಹಳ್ಳಿಹಳ್ಳಿಯಲ್ಲೂ ಇದ್ದಾರೆ. ಅವರು ನಗುತ್ತಾ ಹೇಳುವ ಉಪಾಯ: ಸ್ಥಳೀಯರೊಬ್ಬರ ಹೆಸರಿನಲ್ಲಿ ಕೊಂಡು, ನಿಮ್ಮ ಜೊತೆ ಗುಟ್ಟಿನ ಕರಾರು. ಈ ಕರಾರಿಗೆ ಕಾನೂನಿನಲ್ಲಿ ಬೆಲೆಯಿಲ್ಲ. ಹಣ ನಿಮ್ಮದು, ಭೂಮಿ ಅವರದು. ನ್ಯಾಯಾಲಯಕ್ಕೆ ಹೋದರೆ ನಿಲ್ಲುವುದಿಲ್ಲ. ನನಗೆ ಇದರಲ್ಲಿ ಇನ್ನೂ ನೋವಾಗುವುದು, ಹೆಸರು ಕೊಟ್ಟ ಬಡ ಕುಟುಂಬವೂ ಮುಂದೆ ವ್ಯಾಜ್ಯಕ್ಕೆ ಸಿಕ್ಕಿಬೀಳುತ್ತದೆ ಎಂಬುದು. ದಯವಿಟ್ಟು ಮಾಡಬೇಡಿ.

ಗುತ್ತಿಗೆಗೆ ಹಿಡಿಯುವಾಗಲೂ ದಾಖಲೆ ನೋಡಿ. ‘ಲೆಟರ್ ಸಿ’ ಎಂದು ತೋರಿಸುವುದು ಹಳ್ಳಿಯ ತೆರಿಗೆ ಪುಸ್ತಕದ ನಮೂದು, ನಮ್ಮಲ್ಲಿನ ಕಂದಾಯ ರಸೀದಿಯ ಹಾಗೆ, ಒಡೆತನದ ಪುರಾವೆಯಲ್ಲ. ಭೂ ಕಚೇರಿಯ ಪ್ರಮಾಣಪತ್ರ ಇದೆಯೇ, ವಾರಸುದಾರರೆಲ್ಲರೂ ಸಹಿ ಹಾಕಿದ್ದಾರೆಯೇ, ಜಾಗ ಗದ್ದೆಯೆಂದು ರಕ್ಷಿತವಾಗಿದೆಯೇ, ಊರಿನ ಸಾಮೂಹಿಕ ಭೂಮಿಯೇ ಎಂದು ನೋಟರಿಯ ಮೂಲಕ ವಿಚಾರಿಸಿ. ಕರಾರು ಇಂಡೊನೇಷ್ಯಾ ಭಾಷೆಯಲ್ಲಿ ಇರಲೇಬೇಕೆಂದು 2009ರ ಕಾನೂನು ಹೇಳುತ್ತದೆ. ಕಂಪನಿ ತೆರೆದು ಹೂಡುವುದಾದರೆ ಜಮೀನು, ಕಟ್ಟಡ ಬಿಟ್ಟು 1,000 ಕೋಟಿ ರುಪಿಯಾಕ್ಕೂ ಮಿಗಿಲಾದ ಹೂಡಿಕೆ ಬೇಕು, ನಮ್ಮ ಐದು ಕೋಟಿ ರೂಪಾಯಿಗೂ ಹೆಚ್ಚು. ಹೋಂಸ್ಟೇ ಮಟ್ಟದವರಿಗೆ ಅದು ದಾರಿಯೇ ಅಲ್ಲ. ನಿಜವಾಗಿ ನೆರವಾಗಬೇಕೆಂದರೆ ಮೆನೋರೆ ಇಳಿಜಾರಿನಲ್ಲಿ ತೆಂಗಿನ ನೀರಾದಿಂದ ಮಾಡುವ ಪುಡಿಬೆಲ್ಲವನ್ನು ಅಲ್ಲಿನ ಸಂಘಗಳಿಂದ ಸರಿಯಾದ ಬೆಲೆಗೆ ಕೊಳ್ಳಿ. ಅದು ವಿದೇಶಗಳಿಗೆ ಹೋಗುವ ಸರಕು.

ಜಾಗ ಆರಿಸುವಾಗ ಮೆರಾಪಿ ಜ್ವಾಲಾಮುಖಿಯನ್ನು ಮರೆಯಬೇಡಿ. 2010ರ ಸ್ಫೋಟದಲ್ಲಿ ಮುನ್ನೂರಕ್ಕೂ ಹೆಚ್ಚು ಜನ ಸತ್ತರು, ಬೊರೊಬುದುರ್ ಬೂದಿಯಲ್ಲಿ ಮುಚ್ಚಿಹೋಯಿತು. ಮುಂದಿನ ಜನವರಿಯ ಮಳೆಗೆ ಬೆಟ್ಟದ ಕೆಸರು ಪುತಿಹ್ ಹೊಳೆಯಲ್ಲಿ ಇಳಿದು ಮುಂತಿಲಾನ್ ಬಳಿ ಮುಖ್ಯ ರಸ್ತೆಯನ್ನೇ ಕಡಿದು ಹಾಕಿತು. ಮೆರಾಪಿಯಿಂದ ಇಳಿಯುವ ಹೊಳೆಗಳ ಪಕ್ಕ ಅಗ್ಗಕ್ಕೆ ಮನೆ ಸಿಕ್ಕರೂ ಬೇಡ.

ಹೋಗಲು ಮೇ ತಿಂಗಳಿನಿಂದ ಸೆಪ್ಟೆಂಬರ್ ಸೂಕ್ತ. ನವೆಂಬರಿನಿಂದ ಮಾರ್ಚ್‌ವರೆಗೆ ಮಧ್ಯಾಹ್ನದ ಮಳೆ ತಪ್ಪದು, ಡೆಂಗಿ ಸೊಳ್ಳೆಯೂ ಹೆಚ್ಚು. ಬೊರೊಬುದುರ್ ಮೇಲೆ ಹತ್ತಲು ದಿನಕ್ಕೆ ಇಷ್ಟೇ ಜನ ಎಂಬ ಮಿತಿಯಿದೆ, ಮುಂಚಿತವಾಗಿ ಟಿಕೆಟ್ ಮಾಡಿಸಿ. ಈದ್ ಆಸುಪಾಸು ಇಡೀ ಜಾವಾ ತನ್ನೂರಿಗೆ ಹೊರಟಿರುತ್ತದೆ. ಆಗ ಪ್ರಯಾಣವಿದ್ದರೆ ರೈಲು ಟಿಕೆಟ್ ಮಾರಾಟ ತೆರೆದ ದಿನವೇ ಕಾಯ್ದಿರಿಸಿಕೊಳ್ಳಿ, ಇಲ್ಲವಾದರೆ ಆ ಎರಡು ವಾರ ಹಳ್ಳಿಯಲ್ಲೇ ಉಳಿದುಬಿಡಿ.