ಟಿವಿಯಲ್ಲಿ ಬಂದ ಭಯ, ಜಾಬ್ ಕಾರ್ಡ್‌ಗೆ ಬಾರದ ಮಾತು

ಹೋದ ವಾರ ನಮ್ಮ ವರ್ಕ್‌ಶಾಪಿಗೆ ಹೊಸದಾಗಿ ಸೇರಿದ ಹುಡುಗ, ಒಂದು ವಿಡಿಯೋ ನೋಡಿ ಹೆದರಿ ಬಂದಿದ್ದ ಗ್ರಾಹಕರೊಬ್ಬರಿಗೆ, "ಅದೆಲ್ಲ ಟಿವಿಯವರು ಸುಮ್ನೆ ಹಬ್ಬಿಸೋದು ಮೇಡಂ, ತಲೆ ಕೆಡಿಸ್ಕೋಬೇಡಿ" ಎಂದ. ನಗುನಗುತ್ತಲೇ, ಅವರಿಗೆ ಧೈರ್ಯ ಬರಲಿ ಅಂತಲೇ ಹೇಳಿದ. ಹೆಚ್ಚುಕಡಿಮೆ ಇದೇ ಮಾತನ್ನು 2010ರಲ್ಲಿ ನಾನೂ ಒಬ್ಬರಿಗೆ ಹೇಳಿದ್ದೆ. ಅದು ನೆನಪಾಗಿ ಒಂದು ಕ್ಷಣ ಕೈ ಕಾಲು ಆಡಲಿಲ್ಲ. ಅವತ್ತು ಸಂಜೆ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದ್ದನ್ನು ಇಲ್ಲೂ ಬರೆಯುತ್ತಿದ್ದೇನೆ.

ನಾನು ತುಮಕೂರಿನಲ್ಲಿ ಸರ್ವಿಸ್ ಅಡ್ವೈಸರ್. ಎಲ್ಲ ಕಂಪನಿಯ ಕಾರುಗಳೂ ಬರುವ ವರ್ಕ್‌ಶಾಪು ನಮ್ಮದು. ಗಾಡಿ ಬಂದಾಗ ಗ್ರಾಹಕರ ಮಾತು ಕೇಳಿ, ಜಾಬ್ ಕಾರ್ಡ್ ಬರೆದು, ಒಳಗೆ ಮೇಸ್ತ್ರಿಗೆ ಕೊಡುವುದು ನನ್ನ ಕೆಲಸ. ಮೇಸ್ತ್ರಿಗೆ ಗ್ರಾಹಕರ ಮುಖ ಕಾಣುವುದಿಲ್ಲ. ಅವರು ಏನು ಹೇಳಿದರು ಎಂಬುದು ಅವನಿಗೆ ಗೊತ್ತಾಗುವುದು ನಾನು ಬರೆದ ನಾಲ್ಕು ಸಾಲಿನಿಂದ ಮಾತ್ರ.

2010ರ ಫೆಬ್ರವರಿಯಲ್ಲಿ ಯಾವ ಚಾನೆಲ್ ಹಾಕಿದರೂ ಟೊಯೋಟಾ ಸುದ್ದಿ. ಅಮೆರಿಕದಲ್ಲಿ ಕಾರುಗಳು ತಾವಾಗಿಯೇ ಓಡುತ್ತಿವೆ, ಬ್ರೇಕ್ ಹಿಡಿಯುತ್ತಿಲ್ಲ ಅಂತ. ಬಿಡದಿಯಲ್ಲಿ ಕಾರ್ಖಾನೆ ಇರುವ ಕಂಪನಿ, ಊರ ತುಂಬ ಇನ್ನೋವಾ ಟ್ಯಾಕ್ಸಿಗಳು. ಹಾಗಾಗಿ ದೂರದ ಸುದ್ದಿ ಅಂತ ಯಾರಿಗೂ ಅನ್ನಿಸಲಿಲ್ಲ. ಟ್ಯಾಕ್ಸಿ ಡ್ರೈವರ್‌ಗಳು ಬಂದು, "ಸಾರ್, ಒಳಗೆ ಕಂಪ್ಯೂಟರ್ ಕೆಟ್ಟರೆ ಗಾಡಿ ತಾನೇ ಓಡುತ್ತಂತೆ, ನಿಜವಾ?" ಎಂದು ಕೇಳುತ್ತಿದ್ದರು.

ಆ ದಿನಗಳಲ್ಲೇ ಒಬ್ಬ ನಿವೃತ್ತ ಮೇಷ್ಟ್ರು ಬಂದರು. ಅವರದು ಬೇರೆ ಕಂಪನಿಯ ಚಿಕ್ಕ ಕಾರು. ಪೇಪರ್ ಕಟಿಂಗ್ ಒಂದನ್ನು ಮಡಚಿ ಜೇಬಿನಲ್ಲಿಟ್ಟುಕೊಂಡಿದ್ದರು. "ನೋಡಪ್ಪಾ, ನಂದೂ ಒಮ್ಮೊಮ್ಮೆ ಆಕ್ಸಿಲರೇಟರ್‌ನಿಂದ ಕಾಲು ತೆಗೆದ್ರೂ ಪೆಡಲ್ ತಡವಾಗಿ ಮೇಲೆ ಬರುತ್ತೆ. ಹದಿನೈದು ದಿನದಿಂದ ಹೀಗೆ. ಇದೂ ಅದೇ ಕಾಯಿಲೆನಾ?" ಎಂದರು.

ಬೆಳಿಗ್ಗೆಯಿಂದ ಅದೇ ಪ್ರಶ್ನೆ ಕೇಳಿ ಕೇಳಿ ಸಾಕಾಗಿತ್ತು. "ಮೇಷ್ಟ್ರೇ, ಅದು ಅಮೆರಿಕದ್ದು. ನಿಮ್ಮ ಕಂಪನಿಯೂ ಅಲ್ಲ. ಟಿವಿ ನೋಡಿ ಹೆದರ್ಕೊಂಡಿದ್ದೀರಿ" ಎಂದೆ. ಜಾಬ್ ಕಾರ್ಡ್‌ನಲ್ಲಿ ಬರೆದದ್ದು ಎರಡೇ ಪದ: ಜನರಲ್ ಚೆಕಪ್.

ನಮ್ಮ ದೊಡ್ಡ ಮೇಸ್ತ್ರಿಗೆ ಒಂದು ಅಭ್ಯಾಸ. ಕಾರ್ಡ್‌ನಲ್ಲಿ ಏನೇ ಬರೆದಿರಲಿ, ಗಾಡಿಯನ್ನು ಒಂದು ಸುತ್ತು ಟ್ರಯಲ್ ನೋಡದೆ ಹೊರಗೆ ಬಿಡುತ್ತಿರಲಿಲ್ಲ. ಮೇಷ್ಟ್ರ ಕಾರು ತೆಗೆದುಕೊಂಡು ಹೋದವರು ಐದೇ ನಿಮಿಷಕ್ಕೆ ವಾಪಸ್ ಬಂದರು. ಕೈಯಲ್ಲಿ ಒಂದು ರಬ್ಬರ್ ಮ್ಯಾಟ್. "ಇದು ಈ ಗಾಡಿದಲ್ಲ, ಯಾರು ಹಾಕಿದ್ದು?" ಎಂದು ಕೇಳಿದರು.

ಹಾಕಿದ್ದು ನಾವೇ. ಹದಿನೈದು ದಿನದ ಹಿಂದೆ ಆ ಕಾರು ನಮ್ಮಲ್ಲೇ ಸರ್ವಿಸ್ ಆಗಿತ್ತು. ವಾಟರ್ ವಾಶ್ ಆದ ಮೇಲೆ ನಾಲ್ಕೈದು ಗಾಡಿಗಳ ಮ್ಯಾಟ್‌ಗಳನ್ನು ಒಟ್ಟಿಗೆ ಬಿಸಿಲಿಗೆ ಒಣಹಾಕುತ್ತಾರೆ. ವಾಪಸ್ ಹಾಕುವಾಗ ಯಾವುದೋ ದೊಡ್ಡ ಗಾಡಿಯ ಮ್ಯಾಟನ್ನು ಮೇಷ್ಟ್ರ ಕಾರಿಗೆ, ಅದೂ ಕಂಪನಿಯ ಕಾರ್ಪೆಟ್ ಮ್ಯಾಟಿನ ಮೇಲೆಯೇ ಹಾಕಿದ್ದರು. ಅದು ಜಾರಿ ಜಾರಿ ಮುಂದೆ ಹೋಗಿ, ಅದರ ಅಂಚು ಆಕ್ಸಿಲರೇಟರ್ ಪೆಡಲಿಗೆ ತಾಗುತ್ತಿತ್ತು. ಪೂರ್ತಿ ಒತ್ತಿದ್ದರೆ ಅಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಮೇಷ್ಟ್ರು ನಿಧಾನವಾಗಿ ಓಡಿಸುವವರಾದ್ದರಿಂದ ಅಲ್ಲಿಯವರೆಗೆ ಹೋಗಿರಲಿಲ್ಲ.

ಅವರಿಗೆ ಕಂಪ್ಯೂಟರಿನ ಭಯ ಹುಟ್ಟಿಸಿದ್ದು ಟಿವಿ, ಅದು ನಿಜ. ಆದರೆ ಪೆಡಲ್ ತಡವಾಗಿ ಬರುತ್ತಿದೆ ಎಂದು ಹೇಳಿದ್ದು ಅವರ ಸ್ವಂತ ಕಾಲು. ನಾನು ಎರಡನ್ನೂ ಒಂದೇ ಗಂಟು ಕಟ್ಟಿ ಪಕ್ಕಕ್ಕೆ ಎಸೆದಿದ್ದೆ.

ಆಮೇಲೆ ಅಮೆರಿಕದಲ್ಲಿ ನಿಜವಾಗಿ ಏನಾಗಿತ್ತು ಎಂದು ಸಿಕ್ಕ ಸಿಕ್ಕಲ್ಲಿ ಓದತೊಡಗಿದೆ. 2009ರ ಆಗಸ್ಟ್ 28ರಂದು ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋ ಹತ್ತಿರ, ಟೊಯೋಟಾ ಕಂಪನಿಯದ್ದೇ ಆದ ಒಂದು ಲೆಕ್ಸಸ್ ಕಾರು ಹಿಡಿತ ತಪ್ಪಿ ಓಡಿ ಅಪಘಾತವಾಯಿತು. ಒಳಗಿದ್ದ ನಾಲ್ವರೂ ಸತ್ತರು. ಓಡಿಸುತ್ತಿದ್ದವರು ಹೆದ್ದಾರಿ ಪೊಲೀಸ್ ಅಧಿಕಾರಿ, ಅಂದರೆ ಚಾಲನೆಯಲ್ಲಿ ಪಳಗಿದವರು. ಕಾರಿನೊಳಗಿಂದ ಒಬ್ಬರು ಅಲ್ಲಿನ ತುರ್ತು ನಂಬರ್ 911ಕ್ಕೆ ಕರೆ ಮಾಡಿ ಬ್ರೇಕ್ ಹಿಡಿಯುತ್ತಿಲ್ಲ ಎನ್ನುತ್ತಿದ್ದ ಧ್ವನಿ ಅಮೆರಿಕದ ಟಿವಿಗಳಲ್ಲಿ ಮತ್ತೆ ಮತ್ತೆ ಪ್ರಸಾರವಾಯಿತು. ಅದನ್ನು ಕೇಳಿದ ಯಾರೇ ಆದರೂ ಮಾರನೆ ದಿನ ಕಾರು ಹತ್ತುವಾಗ ಒಮ್ಮೆ ಯೋಚಿಸುತ್ತಾರೆ.

ತನಿಖೆಯಲ್ಲಿ ಸಿಕ್ಕಿದ್ದು ಮ್ಯಾಟ್. ಆ ಲೆಕ್ಸಸ್ ಅವರ ಸ್ವಂತದ್ದಲ್ಲ. ಅವರ ಕಾರು ಸರ್ವಿಸ್‌ಗೆ ಹೋಗಿದ್ದಾಗ ಡೀಲರ್ ಕೊಟ್ಟ ಬದಲಿ ಕಾರು. ಅದರಲ್ಲಿ ಬೇರೆ ಮಾಡೆಲ್‌ನ, ದೊಡ್ಡ ಅಳತೆಯ ರಬ್ಬರ್ ಮ್ಯಾಟ್ ಹಾಕಿದ್ದರು. ಆಕ್ಸಿಲರೇಟರ್ ಅದಕ್ಕೆ ಸಿಕ್ಕಿಕೊಂಡಿತ್ತು.

ನನಗೆ ರಾತ್ರಿ ನಿದ್ದೆ ಬಾರದ ಹಾಗೆ ಮಾಡಿದ್ದು ಇದರ ಮುಂದಿನ ಸಂಗತಿ. ಆ ಅಪಘಾತಕ್ಕೆ ಕೆಲವೇ ದಿನ ಮುಂಚೆ ಅದೇ ಕಾರನ್ನು ಇನ್ನೊಬ್ಬ ಗ್ರಾಹಕರು ತೆಗೆದುಕೊಂಡು ಹೋಗಿದ್ದರು. ಅವರಿಗೂ ಪೆಡಲ್ ಸಿಕ್ಕಿಕೊಂಡಿತ್ತು. ಹೇಗೋ ಗಾಡಿ ನಿಲ್ಲಿಸಿ, ಮ್ಯಾಟ್ ಬಿಡಿಸಿ, ವಾಪಸ್ ಕೊಡುವಾಗ ಮುಂದಿನ ಕೌಂಟರಿನಲ್ಲಿ ಇದನ್ನು ಹೇಳಿಯೂ ಇದ್ದರು. ಆ ಮಾತು ಕೌಂಟರಿನಿಂದ ಒಳಗೆ ಹೋಗಲಿಲ್ಲ. ಅದು ನಾನು ದಿನಾ ಕೂರುವಂಥದ್ದೇ ಜಾಗ, ಅಲ್ವಾ?

ಈ ಸಂಗತಿ ಸುದ್ದಿಯಲ್ಲಿ ಬರಲಿಲ್ಲ ಅಂತಲ್ಲ, ಬಂತು. ಆದರೆ 911ರ ಧ್ವನಿಯಷ್ಟು ಯಾರ ಮನಸ್ಸಿನಲ್ಲೂ ಉಳಿಯಲಿಲ್ಲ. ಮ್ಯಾಟ್ ಅನ್ನೋದು ಟಿವಿಯಲ್ಲಿ ತೋರಿಸಲು ಏನೂ ಇಲ್ಲದ ವಸ್ತು. ಒಳಗೆ ಅಡಗಿದ ಎಲೆಕ್ಟ್ರಾನಿಕ್ ದೋಷ ಅಂದರೆ ಜನ ಕಣ್ಣು ಮಿಟುಕಿಸದೆ ನೋಡುತ್ತಾರೆ. 2010ರ ಫೆಬ್ರವರಿಯಲ್ಲಿ ಎಬಿಸಿ ಚಾನೆಲ್ ಒಬ್ಬ ಪ್ರೊಫೆಸರ್ ಜೊತೆ ಸೇರಿ, ವೈರಿಂಗ್‌ನಲ್ಲಿ ಬೇಕೆಂದೇ ಶಾರ್ಟ್ ಮಾಡಿಸಿ, ಕಾರು ತಾನಾಗಿ ವೇಗ ಹಿಡಿಯುವುದನ್ನು ತೋರಿಸಿತು. ಅದರಲ್ಲಿ ಎಂಜಿನ್ ಎಷ್ಟು ಜೋರಾಗಿ ತಿರುಗುತ್ತಿದೆ ಎಂದು ತೋರಿಸುವ ಆರ್‌ಪಿಎಂ ಮುಳ್ಳು ಸರ್ರನೆ ಮೇಲೇರುವ ದೃಶ್ಯವೊಂದಿತ್ತು. ಆ ತುಣುಕು ಓಡುವ ಕಾರಿನದ್ದಲ್ಲ, ನಿಂತ ಕಾರಿನದ್ದು ಎಂದು ಆಮೇಲೆ ಬಯಲಾಯಿತು. ಚಾನೆಲ್ ಅದನ್ನು ಒಪ್ಪಿಕೊಂಡು ಬದಲಾಯಿಸಿತು. ಅಷ್ಟರಲ್ಲಿ ನೋಡಬೇಕಾದವರೆಲ್ಲ ನೋಡಿ ಆಗಿತ್ತು. ಅದೇ ತಿಂಗಳು ಅಮೆರಿಕದ ಸಾರಿಗೆ ಮಂತ್ರಿ ರೇ ಲಹೂಡ್ ಅವರೇ, ರೀಕಾಲ್ ಆದ, ಅಂದರೆ ದೋಷ ಸರಿಪಡಿಸಲು ಕಂಪನಿ ವಾಪಸ್ ಕರೆಸಿದ ಕಾರುಗಳನ್ನು ಓಡಿಸಬೇಡಿ ಎಂದುಬಿಟ್ಟರು. ಆಮೇಲೆ ಬಾಯಿತಪ್ಪಿ ಬಂದ ಮಾತು ಎಂದು ತಿದ್ದಿಕೊಂಡರು.

ಒಂದೊಂದು ದೊಡ್ಡ ಸುದ್ದಿಯ ಹಿಂದೆಯೇ ಸರ್ಕಾರಕ್ಕೆ ಬರುವ ದೂರುಗಳು ಏರುತ್ತಿದ್ದವು. ಇದನ್ನು ನಮ್ಮ ಕೌಂಟರಿನಲ್ಲೂ ಕಂಡಿದ್ದೇನೆ. ಜನ ಸುಳ್ಳು ಹೇಳುತ್ತಿರುವುದಿಲ್ಲ. ಸುದ್ದಿ ನೋಡಿದ ಮೇಲೆ ಹಳೆಯದು ನೆನಪಾಗುತ್ತದೆ. ಹೋದ ವರ್ಷ ಸಿಗ್ನಲ್ ಹತ್ತಿರ ಗಾಡಿ ಸ್ವಲ್ಪ ಮುಂದೆ ಎಗರಿತ್ತಲ್ಲ, ಅದೂ ಇದೇ ಇರಬೇಕು ಅನ್ನಿಸುತ್ತದೆ. ದೂರು ಜಾಸ್ತಿಯಾಯಿತು ಎಂಬುದೇ ಮತ್ತೆ ಸುದ್ದಿಯಾಗುತ್ತದೆ.

ಕೊನೆಗೆ ಸರ್ಕಾರ ನಾಸಾ ಎಂಜಿನಿಯರ್‌ಗಳನ್ನೇ ಕರೆಸಿ ಪರೀಕ್ಷೆ ಮಾಡಿಸಿತು. 2011ರ ಫೆಬ್ರವರಿಯಲ್ಲಿ ವರದಿ ಬಂತು. ಅಷ್ಟು ವೇಗವಾಗಿ ಓಡಿಸುವಂಥ ಎಲೆಕ್ಟ್ರಾನಿಕ್ ದೋಷ ಅವರಿಗೆ ಸಿಗಲಿಲ್ಲ. ಮ್ಯಾಟ್‌ಗೆ ಸಿಕ್ಕುವುದು, ಪೆಡಲ್ ಅಂಟಿಕೊಳ್ಳುವುದು, ಈ ಎರಡೇ ದೋಷ ಖಚಿತವಾದವು. ಅದು ಬಿಟ್ಟರೆ ಬ್ರೇಕ್ ಅಂದುಕೊಂಡು ಆಕ್ಸಿಲರೇಟರ್ ತುಳಿದ ಪ್ರಕರಣಗಳು. ಈ ವರದಿಯ ಬಗ್ಗೆ ನಮ್ಮಲ್ಲಿ ಒಬ್ಬ ಟ್ಯಾಕ್ಸಿ ಡ್ರೈವರ್ ಕೂಡ ಬಂದು ಕೇಳಲಿಲ್ಲ.

ಹಾಗಾದರೆ ಟಿವಿಯವರದ್ದೇ ತಪ್ಪು ಅಂತ ನಮ್ಮ ಹುಡುಗ ಕೇಳಿದ. ಅಷ್ಟು ಸಲೀಸಾಗಿ ಹೇಳಲು ನನಗೆ ಮನಸ್ಸಿಲ್ಲ. 2013ರಲ್ಲಿ ಅಮೆರಿಕದ ಓಕ್ಲಹೋಮಾ ರಾಜ್ಯದ ಒಂದು ಕೇಸಿನಲ್ಲಿ ಸಾಫ್ಟ್‌ವೇರ್ ತಜ್ಞರ ಸಾಕ್ಷ್ಯ ಕೇಳಿದ ಜ್ಯೂರಿ ಕಂಪನಿಯ ವಿರುದ್ಧವೇ ತೀರ್ಪು ಕೊಟ್ಟಿತು. 2014ರ ಮಾರ್ಚ್‌ನಲ್ಲಿ ಟೊಯೋಟಾ ಅಮೆರಿಕದ ಸರ್ಕಾರಕ್ಕೆ 120 ಕೋಟಿ ಡಾಲರ್ ದಂಡ ಕಟ್ಟಲು ಒಪ್ಪಿತು. ಮ್ಯಾಟ್ ಮತ್ತು ಪೆಡಲ್ ವಿಷಯದಲ್ಲಿ ಗ್ರಾಹಕರಿಗೆ ತಪ್ಪು ಮಾಹಿತಿ ಕೊಟ್ಟಿದ್ದನ್ನು ಅದು ಒಪ್ಪಿಕೊಂಡಿತ್ತು. ಪತ್ರಕರ್ತರು ಹಿಂದೆ ಬೀಳದಿದ್ದರೆ ಇದು ಹೊರಗೆ ಬರುತ್ತಿತ್ತೇ? ಲಾಸ್ ಏಂಜಲೀಸ್ ಟೈಮ್ಸ್ ತಿಂಗಳುಗಟ್ಟಲೆ ಬರೆದಿತ್ತು. ದೋಷ ಎಲ್ಲಿದೆ ಎಂದು ತೋರಿಸುವಲ್ಲಿ ಟಿವಿ ಎಡವಿರಬಹುದು. ಕಂಪನಿ ಏನನ್ನೋ ಮುಚ್ಚಿಡುತ್ತಿದೆ ಎಂಬ ಜನರ ಅನುಮಾನ ಮಾತ್ರ ಸುಳ್ಳಾಗಿರಲಿಲ್ಲ.

ಆಡಿ ಕಂಪನಿಯ ಕಥೆ ಇದಕ್ಕಿಂತ ಹಳೆಯದು. 1986ರ ನವೆಂಬರ್‌ನಲ್ಲಿ ಸಿಬಿಎಸ್ ಚಾನೆಲ್‌ನ 60 ಮಿನಿಟ್ಸ್ ಕಾರ್ಯಕ್ರಮ ಆಡಿ 5000 ಕಾರಿನ ಪೆಡಲ್ ತಾನಾಗಿ ಕೆಳಗಿಳಿಯುವುದನ್ನು ತೋರಿಸಿತು. ಗೇರ್‌ಬಾಕ್ಸ್‌ಗೆ ತೂತು ಕೊರೆದು ಹೊರಗಿನಿಂದ ಗಾಳಿ ಒತ್ತಿ ಹಾಗೆ ಮಾಡಿಸಿದ್ದರು. ನೋಡುವವರಿಗೆ ಅದು ತಿಳಿಯಲಿಲ್ಲ. 1985ರಲ್ಲಿ ಅಮೆರಿಕದಲ್ಲಿ 74 ಸಾವಿರ ಕಾರು ಮಾರಿದ್ದ ಕಂಪನಿ 1991ರಲ್ಲಿ ಮಾರಿದ್ದು 12 ಸಾವಿರ ಚಿಲ್ಲರೆ. 1989ರಲ್ಲಿ ಬಂದ ಸರ್ಕಾರಿ ವರದಿ, ಹೆಚ್ಚಿನ ಪ್ರಕರಣಗಳಲ್ಲಿ ಚಾಲಕರು ಪೆಡಲ್ ತಪ್ಪಿ ತುಳಿದಿದ್ದಾರೆ ಎಂದಿತು. ಆದರೂ ಆ ಗದ್ದಲದಿಂದ ಒಂದು ಒಳ್ಳೆಯ ಕೆಲಸವಾಯಿತು. ಬ್ರೇಕ್ ಒತ್ತದೆ ಗೇರನ್ನು ಪಾರ್ಕ್‌ನಿಂದ ತೆಗೆಯಲು ಆಗದ ಹಾಗೆ ಲಾಕ್ ಕೊಟ್ಟರು. ಇವತ್ತು ನಮ್ಮಲ್ಲಿಗೆ ಬರುವ ಆಟೊಮ್ಯಾಟಿಕ್ ಗಾಡಿಗಳಲ್ಲೂ ಆ ಲಾಕ್ ಇದೆ.

ನಮ್ಮ ದೇಶದಲ್ಲಿ ಟಾಟಾ ನಾನೋ ಕಥೆ ಎಲ್ಲರಿಗೂ ಗೊತ್ತು. 2010ರ ಮಾರ್ಚ್‌ನಲ್ಲಿ ಮುಂಬೈಯಲ್ಲಿ, ಶೋರೂಮಿನಿಂದ ಮನೆಗೆ ಹೊರಟ ಹೊಸ ನಾನೋ ಬೆಂಕಿ ಹತ್ತಿ ಉರಿದ ಚಿತ್ರ ಎಲ್ಲ ಪೇಪರ್‌ಗಳಲ್ಲೂ ಬಂತು. ಇನ್ನೂ ಕೆಲವು ಕಾರುಗಳು ಸುಟ್ಟವು. ವಿನ್ಯಾಸದಲ್ಲಿ ದೋಷವಿಲ್ಲ ಎಂದು ಕಂಪನಿ ಹೇಳುತ್ತಲೇ ಇತ್ತು. ಆಮೇಲೆ ನವೆಂಬರ್‌ನಲ್ಲಿ, ರೀಕಾಲ್ ಎಂಬ ಪದ ಬಳಸದೆ, ಉಚಿತವಾಗಿ ಹೆಚ್ಚಿನ ಸುರಕ್ಷಾ ಭಾಗಗಳನ್ನು ಹಾಕಿಕೊಡುವುದಾಗಿ ಹೇಳಿತು. ಜುಲೈನಲ್ಲಿ 9 ಸಾವಿರ ಮಾರಾಟವಾಗಿದ್ದ ಕಾರು ಆ ನವೆಂಬರ್‌ನಲ್ಲಿ ಮಾರಾಟವಾದದ್ದು 509. ಸಾಲ, ಬೆಲೆ ಏರಿಕೆ ಇವೆಲ್ಲ ಕಾರಣಗಳೂ ಇದ್ದವು. ಆದರೆ ಒಂದು ಮನೆಯವರು ಮೊದಲ ಕಾರು ಕೊಳ್ಳಲು ಕೂತಾಗ ಅವರ ಕಣ್ಣ ಮುಂದೆ ಬರುತ್ತಿದ್ದದ್ದು ಆ ಉರಿಯುವ ಚಿತ್ರ. ಆಗ ನಮ್ಮಲ್ಲಿ ರೀಕಾಲ್‌ಗೆ ಕಾನೂನೇ ಇರಲಿಲ್ಲ. ಸರ್ಕಾರ ರೀಕಾಲ್‌ಗೆ ಆದೇಶ ಮಾಡುವ ನಿಯಮ ಜಾರಿಗೆ ಬಂದದ್ದು 2021ರ ಏಪ್ರಿಲ್ 1ರಿಂದ.

ತೀರಾ ಈಚೆಗೆ ನಮ್ಮ ರಸ್ತೆಯಲ್ಲೇ ಒಂದು ನಡೆಯಿತು. 2024ರ ಡಿಸೆಂಬರ್ 21ರಂದು ನೆಲಮಂಗಲದ ಹತ್ತಿರ ಕಂಟೇನರ್ ಲಾರಿ ಉರುಳಿ ವೋಲ್ವೋ ಕಾರಿನ ಮೇಲೆ ಬಿತ್ತು. ಒಂದೇ ಕುಟುಂಬದ ಆರು ಜನ ಹೋದರು. ಆ ಸುದ್ದಿ ಈಗಲೂ ನೆನೆಯಲು ಆಗುವುದಿಲ್ಲ. "ಜಗತ್ತಿನ ಸುರಕ್ಷಿತ ಕಾರೂ ಉಳಿಸಲಿಲ್ಲ" ಎಂಬ ಮಾತು ಎಲ್ಲ ಕಡೆ ಓಡಾಡಿತು. ಅದರ ನಂತರ ನಮ್ಮ ಕೌಂಟರಿನಲ್ಲಿ, "ವೋಲ್ವೋನೇ ಹಿಂಗಾದ್ರೆ, ಬೆಲ್ಟ್ ಹಾಕಿ ಏನು ಸಾರ್ ಉಪಯೋಗ?" ಎಂದವರಿದ್ದಾರೆ. ಮೇಲಿನಿಂದ ಅಷ್ಟು ಭಾರ ಬಿದ್ದರೆ ಏನಾಗುತ್ತದೆ ಎಂದು ಯಾವ ಕ್ರ್ಯಾಶ್ ಟೆಸ್ಟೂ ನೋಡುವುದಿಲ್ಲ. ಡಿವೈಡರ್‌ಗೆ ಗುದ್ದಿದಾಗ, ಎದುರಿನ ಗಾಡಿ ಬಂದು ಹೊಡೆದಾಗ ಬೆಲ್ಟ್ ಜೀವ ಉಳಿಸುತ್ತದೆ. ಇದನ್ನು ನಾನು ಆಗ ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ.

ಇಷ್ಟೆಲ್ಲದರಲ್ಲಿ ನನಗೆ ತುಂಬ ಬೇಸರ ತರುವ ವಿಷಯ ಒಂದಿದೆ. ಗಾಡಿ ತಾನಾಗಿ ಓಡಿದರೆ ಏನು ಮಾಡಬೇಕು ಎಂಬುದನ್ನು 911ರ ಧ್ವನಿಯಷ್ಟು ಸಲ ಯಾರೂ ಹೇಳಲಿಲ್ಲ. ಬ್ರೇಕನ್ನು ಒಂದೇ ಸಲ ಪೂರ್ತಿ ಬಲ ಹಾಕಿ ಒತ್ತಿ ಹಿಡಿಯಬೇಕು. ಬಿಟ್ಟು ಬಿಟ್ಟು ಒತ್ತಬಾರದು. ಎಂಜಿನ್ ಪೂರ್ತಿ ಏರಿರುವಾಗ ಬಿಟ್ಟು ಬಿಟ್ಟು ಒತ್ತಿದರೆ, ಬ್ರೇಕ್ ಒತ್ತಲು ನೆರವಾಗುವ ಬೂಸ್ಟರ್‌ನಲ್ಲಿ ಉಳಿದಿರುವ ವ್ಯಾಕ್ಯೂಮ್ ಖಾಲಿಯಾಗಿ ಪೆಡಲ್ ಕಲ್ಲಿನಂತಾಗುತ್ತದೆ. ಗೇರನ್ನು ನ್ಯೂಟ್ರಲ್‌ಗೆ ತರಬೇಕು. ಎಂಜಿನ್ ಕೂಗಿದರೆ ಕೂಗಲಿ, ಚಕ್ರಕ್ಕೆ ಬಲ ಹೋಗುವುದಿಲ್ಲ. ಆ ಲೆಕ್ಸಸ್‌ನಲ್ಲಿ ಕೀ ಬದಲು ಬಟನ್ ಇತ್ತು. ಓಡುವಾಗ ಎಂಜಿನ್ ನಿಲ್ಲಿಸಲು ಅದನ್ನು ಮೂರು ಸೆಕೆಂಡ್ ಒತ್ತಿ ಹಿಡಿಯಬೇಕಿತ್ತು. ಅವಸರದಲ್ಲಿ ಯಾರಿಗೆ ಹೊಳೆಯುತ್ತದೆ? ಕಾರ್ ಆಂಡ್ ಡ್ರೈವರ್ ಪತ್ರಿಕೆಯವರು ಟೊಯೋಟಾದ ಒಂದು ಕ್ಯಾಮ್ರಿ ಕಾರನ್ನು ಗಂಟೆಗೆ 70 ಮೈಲಿ ವೇಗದಲ್ಲಿ, ಆಕ್ಸಿಲರೇಟರ್ ಪೂರ್ತಿ ಒತ್ತಿಟ್ಟು ಬ್ರೇಕ್ ಹಾಕಿ ನೋಡಿದರು. ಮಾಮೂಲಿಯಾಗಿ 174 ಅಡಿಯಲ್ಲಿ ನಿಲ್ಲುವ ಕಾರು 190 ಅಡಿಯಲ್ಲಿ ನಿಂತಿತು. ವ್ಯತ್ಯಾಸ 16 ಅಡಿ. ಹೆದರಿ ಬಂದ ಗ್ರಾಹಕರಿಗೆ ನಾನು ಮೊದಲು ಹೇಳುವುದೇ ಇದನ್ನು. ಪಾರ್ಕಿಂಗ್‌ನಲ್ಲೇ ಕೂರಿಸಿ, ಕಣ್ಣು ರಸ್ತೆ ಮೇಲೇ ಇಟ್ಟು ನ್ಯೂಟ್ರಲ್ ಹುಡುಕಿ ನೋಡಿ ಎನ್ನುತ್ತೇನೆ. ಹೋಗುವಾಗ ಅವರ ಮುಖ ಬೇರೆಯೇ ಇರುತ್ತದೆ.

ಮೇಷ್ಟ್ರ ಪ್ರಸಂಗದ ಮಾರನೆ ದಿನದಿಂದ ನಮ್ಮ ವಾಶಿಂಗ್ ಹುಡುಗರು ಮ್ಯಾಟ್‌ಗಳ ಹಿಂದೆ ಸೀಮೆಸುಣ್ಣದಲ್ಲಿ ಗಾಡಿ ನಂಬರ್ ಬರೆಯುತ್ತಾರೆ. ಒಂದರ ಮೇಲೆ ಒಂದು ಮ್ಯಾಟ್ ಹಾಕುವುದಿಲ್ಲ. ಡೆಲಿವರಿಗೆ ಮುಂಚೆ ನಾನೇ ಬಗ್ಗಿ ಕೈಯಿಂದ ಪೆಡಲ್ ಒತ್ತಿ ಬಿಟ್ಟು ನೋಡುತ್ತೇನೆ. ಅದಕ್ಕಿಂತ ಮುಖ್ಯವಾಗಿ, ಜಾಬ್ ಕಾರ್ಡ್‌ನಲ್ಲಿ ಗ್ರಾಹಕರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯುತ್ತೇನೆ. ಟಿವಿಯಲ್ಲಿ ಏನು ನೋಡಿದಿರಿ ಅಂತಲೂ ಕೇಳುತ್ತೇನೆ, ನಿಮ್ಮ ಗಾಡಿಯಲ್ಲಿ ನಿಮಗೆ ಏನು ಅನ್ನಿಸಿತು ಅಂತಲೂ ಕೇಳುತ್ತೇನೆ. ಎರಡಕ್ಕೂ ಬೇರೆ ಬೇರೆ ಸಾಲು. ಇದಕ್ಕೆ ಐದು ನಿಮಿಷ ಜಾಸ್ತಿ ಹಿಡಿಯುತ್ತದೆ. ಸೋಮವಾರ ಬೆಳಿಗ್ಗೆ ಗಾಡಿಗಳು ಗೇಟಿನವರೆಗೆ ನಿಂತಿದ್ದಾಗ ಆ ಐದು ನಿಮಿಷ ಕಷ್ಟವೇ.

ನಮ್ಮ ಹುಡುಗ ಮಾತಾಡಿಸಿದ ಮೇಡಂ ವಾಟ್ಸಾಪ್‌ನಲ್ಲಿ ಬಂದ ಒಂದು ವಿಡಿಯೋ ನೋಡಿ ಬಂದಿದ್ದರು. ಏರ್‌ಬ್ಯಾಗ್ ತಾನಾಗಿ ಸಿಡಿಯುವ ವಿಡಿಯೋ. ಯಾವ ದೇಶದ್ದೋ, ಯಾವ ಕಾರೋ ಗೊತ್ತಿಲ್ಲ. ಮರುದಿನ ನಾನೇ ಫೋನ್ ಮಾಡಿ ವಾಪಸ್ ಕರೆಸಿದೆ. ವಿಡಿಯೋ ವಿಷಯ ಬಿಟ್ಟು, ನಿಮ್ಮ ಕಾರಿನಲ್ಲಿ ಏನಾದರೂ ಗಮನಿಸಿದ್ದೀರಾ ಎಂದು ಕೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಡಕ್ಕೆ ಪೂರ್ತಿ ತಿರುಗಿಸಿದಾಗ ಸ್ಟೇರಿಂಗ್ ಒಳಗೆ ಏನೋ ಸರಸರ ಅನ್ನುತ್ತೆ. ಒಂದೆರಡು ಸಲ ಹಾರ್ನ್ ಕೂಡ ಹೊಡೀಲಿಲ್ಲ" ಎಂದರು. ಸ್ಟೇರಿಂಗ್ ಒಳಗಿನ ಸುರುಳಿ ವೈರು ಸವೆದರೆ ಹೀಗಾಗಬಹುದು. ಹಾರ್ನ್‌ಗೂ ಡ್ರೈವರ್ ಏರ್‌ಬ್ಯಾಗ್‌ಗೂ ಸಂಪರ್ಕ ಅದರ ಮೂಲಕವೇ. ಅದು ತುಂಡಾದರೆ ಏರ್‌ಬ್ಯಾಗ್ ಬೇಕಾದಾಗ ಬಿಚ್ಚಿಕೊಳ್ಳುವುದಿಲ್ಲ. ಅವರು ಹೆದರಿದ್ದು ತಾನಾಗಿ ಬಿಚ್ಚಿಕೊಳ್ಳುತ್ತದೆ ಅಂತ.

"ಎಡಕ್ಕೆ ಪೂರ್ತಿ ತಿರುಗಿಸಿದಾಗ ಸರಸರ ಸದ್ದು, ಎರಡು ಸಲ ಹಾರ್ನ್ ಇಲ್ಲ" ಎಂದು ಹುಡುಗನ ಕೈಯಲ್ಲೇ ಬರೆಸಿದೆ. ಗಾಡಿ ಈಗ ಒಳಗಿದೆ. ನಾಳೆ ಬೆಳಿಗ್ಗೆ ಟ್ರಯಲ್‌ಗೆ ಮೇಡಂ ಕೂಡ ಬರುತ್ತಾರೆ, ಪಕ್ಕದ ಸೀಟಿನಲ್ಲಿ ಅವನು.